ದಣಿದವ್ವ ಮಲಗಿದ ದಾರಿ

ಒಂಬತ್ತೂವರೆಯ ಬಸ್ಸಿನಿಂದ ಯಾರೂ ಇಳಿಯದಿರಲಿ ಎಂದು ನೀಲಪ್ಪ ಬೇಡಿಕೊಂಡ. ಬೇಡಿಕೊಂಡ ಮೇಲೆ, ಇಂಥದ್ದನ್ನೆಲ್ಲ ಶಿವನ ಮುಂದೆ ಇಡಬಾರದೆಂದು ನಾಚಿಕೆಯಾಗಿ, ಬಸರಿಗಿಡದ ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತ. ತಡಸ ದಾಟಿ ಗೋವಿನಜೋಳದ ಹೊಲಗಳು ಮುಗಿದು ಕಾಡು ಶುರುವಾಗುವ ತಿರುವಿನಲ್ಲಿ ಈ ಬಸರಿಗಿಡವೇ ಸ್ಟಾಪು. ಅದರ ಪಕ್ಕದಲ್ಲಿ ಎರಡು ವರ್ಷದ ಹಿಂದೆ ನಿಲ್ಲಿಸಿದ ಹಸಿರು ಬೋರ್ಡು: ಕರೆಗುಡ್ಡದ ಕಾಡುದಾರಿ, ಹಳದಿ ಗುರುತು ನೋಡಿಕೊಂಡು ನಡೆಯಿರಿ, ಹೋಗುವ ಬಸ್ಸು ಇಷ್ಟಕ್ಕೆ, ಬರುವ ಬಸ್ಸು ಇಷ್ಟಕ್ಕೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ರವಿವಾರ ಬಂತೆಂದರೆ ಸವಣೂರಿನಿಂದ, ಹಾನಗಲ್ಲಿನಿಂದ, ಅಷ್ಟು ದೂರದ ಹಿರೇಕೆರೂರಿನಿಂದಲೂ ಹೆಂಗಸರು ಆಧಾರ್ ಕಾರ್ಡು ಒಂದು ಕೈಯಲ್ಲಿ ರೊಟ್ಟಿಯ ಗಂಟು ಒಂದು ಕೈಯಲ್ಲಿ ಹಿಡಿದು ಇಲ್ಲಿ ಇಳಿಯುತ್ತಿದ್ದರು. ಮೂವತ್ತು ವರ್ಷದಿಂದ ಇದೇ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದ ನೀಲಪ್ಪನಿಗೆ ಅವರ ಮುಂದೆ ನಡೆಯುವ ಕೆಲಸ ಬಿದ್ದಿತ್ತು. ಬೋರ್ಡು ಉದ್ಘಾಟನೆಯ ದಿನ ದೊಡ್ಡ ಸಾಹೇಬರ ತಲೆಯ ಮೇಲೆ ಅವನೇ ಛತ್ರಿ ಹಿಡಿದಿದ್ದ. ಫೋಟೋದಲ್ಲಿ ಅವನ ಕೈ ಬಂದಿದೆ. ಮಣಿಕಟ್ಟಿನವರೆಗೆ.

ಇವತ್ತು ಮಂಗಳವಾರ. ಮಂಗಳವಾರ ಯಾರೂ ಬರುವುದಿಲ್ಲ. ಆದರೆ ನಿನ್ನೆ ಸಂಜೆ ಸವಣೂರಿನ ನಾಗರತ್ನಾ ಅಕ್ಕೋರು ಫೋನು ಮಾಡಿದ್ದರು. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಫೋನಿನಲ್ಲೂ ಹಿಂದಿನ ಬೆಂಚಿನವರಿಗೆ ಕೇಳಿಸುವಂತೆ ಮಾತಾಡುತ್ತಾರೆ. "ನೀಲಪ್ಪನೋರ, ನಾಳಿಗೆ ಬರಾಕತ್ತೇನಿ. ನಾ ಒಬ್ಬಾಕಿನ. ಆ ಗುಡ್ಡ ನನ್ನ ಕನಸಿನ್ಯಾಗ ಬರತೈತಿ. ಒಂದ ಸಲ ಹತ್ತಿ ಇಳದ್ರ ಅಂಜಿಕಿ ಹೋಗತೈತಿ." ಅವನು ಹೂಂ ಎಂದಿದ್ದ. ಬ್ಯಾಡ ಎನ್ನಬಹುದಿತ್ತು. ಚಿರತೆ ಅಡ್ಡಾಡಾಕತ್ತೈತಿ ಎನ್ನಬಹುದಿತ್ತು. ಅಂಥ ಸುಳ್ಳು ಅವನಿಗೆ ಬಾರದ್ದೇನಲ್ಲ. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹುಚ್ಚವ್ವ, "ಅಕ್ಕೋರ ಏನು? ನನ್ನ ಶರಣು ಹೇಳ್ರಿ" ಎಂದು ಹಿಟ್ಟಿನ ಕೈಯನ್ನೇ ಜೋಡಿಸಿದ್ದಳು. ವರ್ಷದ ಮೇಲೆ ಮೂರು ತಿಂಗಳಾಯಿತು ಅಕ್ಕೋರು ಈ ಕಾಡಿನಲ್ಲಿ ಬಿದ್ದು ಕಾಲು ಮುರಿದುಕೊಂಡು. ಅವತ್ತು ಅವರನ್ನು ಕಂಬಳಿಯಲ್ಲಿ ಹೊತ್ತು ತಂದವನು ನೀಲಪ್ಪ. ಅದರ ನಂತರ ಹಬ್ಬ ಹಬ್ಬಕ್ಕೆ ಅವರ ಫೋನು ಬರುತ್ತದೆ: ಆರಾಮ ಇದ್ದೀರೇನು, ನಿಮ್ಮ ಋಣ ಹೆಂಗ ತೀರಸಲಿ. ದೀಪಾವಳಿಗೆ ಒಂದು ಶಾಲು ಕಳಿಸಿದ್ದರು. ಹುಚ್ಚವ್ವ ಅದನ್ನು ಟ್ರಂಕಿನಲ್ಲಿ ವಿಭೂತಿಯ ಉಂಡೆಯ ಪಕ್ಕ ಇಟ್ಟಿದ್ದಾಳೆ. "ಹೊಚ್ಚಿಕೋರಿ, ಥಂಡಿ ಐತಿ" ಎಂದರೆ ಅವನು, ಶಾಲಿನ ಸೆಕಿ ತಡ್ಯಾಂಗಿಲ್ಲ ನನಗ ಎಂದು ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ.

ಬಸ್ಸು ಬಂತು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ಖಲಂದರ ದೂರದಿಂದಲೇ ಸೀಟಿ ಊದಿ, "ನೀಲಪ್ಪಾ, ನಿಮ್ಮ ಬೀಗರನ್ನ ಕರಕೊಂಡ ಬಂದೇನಿ, ಹುಷಾರಾಗಿ ಇಳಿಸ್ಕೊಳ್ಳೋ!" ಎಂದ. ಒಳಗೆ ತಿರುಗಿ, "ಅಕ್ಕೋರ, ಅವಸರ ಮಾಡಬ್ಯಾಡ್ರಿ. ಈ ಬಸ್ಸ ಬಿಟ್ಟ ಹೋಗೂದ ದೂರ ಉಳೀತು, ದೂಡಿದ್ರೂ ಒಮ್ಮೊಮ್ಮೆ ಹೋಗಂಗಿಲ್ಲ" ಎಂದಾಗ ಬಸ್ಸಿನಲ್ಲಿದ್ದವರು ನಕ್ಕರು. ಮೊದಲು ಒಂದು ಕೋಲು ಇಳಿಯಿತು. ಆಮೇಲೆ ಎಡಗಾಲು. ಆಮೇಲೆ, ಎರಡೂ ಕೈಯಲ್ಲಿ ಬಾಗಿಲ ಸರಳು ಹಿಡಿದು ಅಕ್ಕೋರು ಒಂದು ಗಳಿಗೆ ಹಾಗೇ ನಿಂತರು, ಬಾವಿಯ ಮೆಟ್ಟಿಲಲ್ಲಿ ಪಾಚಿ ನೋಡಿದವರ ಹಾಗೆ. ಬಲಗಾಲು ಇಳಿಯಿತು. ಅದಕ್ಕೊಂದು ಬೂಟು. ಮೊಣಕಾಲಿನ ಅರ್ಧದವರೆಗೆ ಬರುವ ಕಪ್ಪು ಬೂಟು, ಎರಡೂ ಬದಿಗೆ ಕಬ್ಬಿಣದ ಪಟ್ಟಿ, ಮೂರು ಕಡೆ ಬಕಲು. ಇಳಕಲ್ ಸೀರೆಯ ಅಂಚಿನ ಕೆಳಗೆ ಅದು ಬೇರೆ ಯಾರದೋ ಕಾಲಿನ ಹಾಗೆ ಕಂಡಿತು. ನೀಲಪ್ಪ ಅದನ್ನು ನೋಡಿ, ನೋಡಬಾರದಿತ್ತೆಂದು ಬೋರ್ಡಿನ ಕಡೆ ನೋಡಿದ. "ಎರಡೂಕಾಲಕ್ಕ ವಾಪಸ್ ಬರ್ತೇನ್ರಿ" ಎಂದು ಖಲಂದರ ಕೂಗಿದ್ದು ಧೂಳಿನೊಳಗಿನಿಂದ ಕೇಳಿಸಿತು.

"ನೋಡಾಕತ್ತೀರೇನು ನನ್ನ ಹೊಸ ಕಾಲು?" ಅಕ್ಕೋರು ನಕ್ಕರು. "ಒಳಗ ಸಳಿ ಹಾಕ್ಯಾರ, ಹೊರಗ ಪಟ್ಟಿ. ಡಾಕ್ಟರ ಏನಂದ್ರ ಗೊತ್ತೇನು? ಬರಿಗಾಲು ನೆಲಕ್ಕ ಊರಬ್ಯಾಡ್ರಿ, ಕುಸೀತೈತಿ, ಸಾಯೂತನಕಾ. ಈಗ ದೇವರಮನ್ಯಾಗೂ ಬೂಟ ಹಾಕ್ಕೊಂಡ ದೀಪ ಹಚ್ಚತೇನಿ. ಮಠಕ್ಕ ಹೋದ್ರ ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ನಮ್ಮ ಓಣಿ ಹುಡುಗ್ಯಾರು ಒಳಗಿಂದ ಪ್ರಸಾದ ತಂದ ಕೊಡ್ತಾರ, ಭಿಕ್ಷಾ ನೀಡಿದಂಗ." ಅದನ್ನು ಅವರು ಹಗುರಾಗಿ ಹೇಳಿದರು, ಹೇಳಿ ಹೇಳಿ ತಿಕ್ಕಿ ಹೊಳಪಾದ ಮಾತಿನ ಹಾಗೆ. ನೀಲಪ್ಪ ಅವರ ಚೀಲ ತೆಗೆದುಕೊಳ್ಳಲು ಕೈ ಚಾಚಿದ. "ಬ್ಯಾಡ್ರಿ. ನನ್ನನ್ನ ಹೊತ್ತದ್ದ ಸಾಕು, ನನ್ನ ಚೀಲಾನೂ ಹೊರಬ್ಯಾಡ್ರಿ" ಎಂದರು.

ಅವರು ನಡೆದರು. ಮಾಘದ ಕಾಡು ಅರ್ಧ ಬೆತ್ತಲೆಯಾಗಿತ್ತು. ಸಾಗವಾನಿಯ ಎಲೆಗಳು ಒಂದೊಂದೂ ಊಟದ ಎಲೆಯಷ್ಟು ಅಗಲವಾಗಿ ಕೆಳಗೆ ಬಿದ್ದು ಒಣಗಿದ್ದವು. ಅವುಗಳ ಮೇಲೆ ಬೂಟು ಒಂದು ಸದ್ದು ಮಾಡುತ್ತಿತ್ತು, ಕೋಲು ಇನ್ನೊಂದು. ಮುಂದೆ ನಡೆಯುತ್ತಿದ್ದ ನೀಲಪ್ಪನಿಗೆ ಹಿಂದಿನ ಆ ಸದ್ದು ಒಂದು ಹೆಜ್ಜೆ ತಡೆದರೆ ಎದೆ ತಡೆಯುತ್ತಿತ್ತು. ಮೊದಲನೆಯ ಹಳದಿ ಗುರುತು ಹುತ್ತದ ಪಕ್ಕದ ಕಲ್ಲಿನ ಮೇಲೆ, ಎರಡನೆಯದು ಬಾಗಿದ ದಿಂಡಲಗಿಡದ ಕಾಂಡಕ್ಕೆ. ಎಲ್ಲ ಅವನೇ ಬಳಿದದ್ದು. ಬಣ್ಣದ ಡಬ್ಬಿ ಎಡಗೈಯಲ್ಲಿ, ಕುಂಚ ಬಲಗೈಯಲ್ಲಿ; ಅರಣ್ಯ ಇಲಾಖೆಗೆ ಹೊಸಬರಾಗಿ ಬಂದ ಸುನೀಲ ಸಾಹೇಬರು ಹಿಂದೆ ಹಿಂದೆ ಫೋನು ಹಿಡಿದುಕೊಂಡು, ನಡೆದ ದಾರಿಯೆಲ್ಲ ಅದರಲ್ಲಿ ಗೆರೆಯಾಗಿ ಮೂಡುವುದನ್ನು ನೋಡುತ್ತ ಬರುತ್ತಿದ್ದರು. ಫೋನಿನೊಳಗೆ ಹಾಡೂ ಇತ್ತು. ಎಳೆ ಹುಡುಗ, ಒಳ್ಳೆಯವನೇ. "ನೀಲಪ್ಪ, ನೀನು ತೋರಿಸಿದ್ದೇ ದಾರಿ. ನಮಗೇನು ಗೊತ್ತು" ಎಂದಿದ್ದ. ಅಪ್ಪನ ವಯಸ್ಸಿನವನಿಗೆ ನೀನು ಎಂದದ್ದು ಅವತ್ತು ಮುಳ್ಳಿನ ಹಾಗೆ ತಾಗಿತ್ತು. ಆದರೆ ನೀಲಪ್ಪ ಮಾಡಿದ್ದು ಆ ಸಿಟ್ಟಿಗಲ್ಲ. ಸಿಟ್ಟಿಗೆ ಮಾಡಿದ್ದರೆ ಇಷ್ಟು ದಿನಕ್ಕೆ ಕರಗುತ್ತಿತ್ತು.

ಬಾಯಿ ಆರಿತು. ಅಕ್ಕೋರು ಒಂದು ಬಂಡೆಯ ಮೇಲೆ ಕುಳಿತು ಬಾಟಲಿಯ ನೀರು ಕುಡಿದರು, ಅವನಿಗೂ ಕೊಟ್ಟರು. ಅವನು ಎತ್ತಿ, ತುಟಿ ತಾಗದಂತೆ ಗಂಟಲಿಗೆ ಸುರಿದುಕೊಂಡ. "ನಿಮಗ ವಯಸ್ಸೆಷ್ಟು ನೀಲಪ್ಪ?" "ಐವತ್ತೆಂಟ್ರಿ. ಕಾಗದದ ಮ್ಯಾಲ." "ನನಗ ಅರವತ್ಮೂರು, ಕಾಗದದ ಮ್ಯಾಲೂ, ಮೊಣಕಾಲಿನ ಮ್ಯಾಲೂ." ಅವರು ನಕ್ಕಾಗ ನಗಬೇಕಿತ್ತು, ನಕ್ಕ. ನಗು ಮುಗಿದ ಮೇಲೆ ಮುಖ ಎಲ್ಲಿ ಇಡಬೇಕೆಂದು ತಿಳಿಯದೆ ಬೀಡಿಯ ಕಿಸೆ ಮುಟ್ಟಿಕೊಂಡ. ದಣಿವು ಈಚೆಗೆ ಅವನಿಗೆ ನಿದ್ದೆಯಿಂದ ಹೋಗುತ್ತಿರಲಿಲ್ಲ. ಎಂಟು ತಾಸು ಮಲಗಿ ಎದ್ದರೂ ಯಾರನ್ನೋ ಹೊತ್ತುಕೊಂಡೇ ಎದ್ದ ಹಾಗೆ ಹೆಗಲು ನೋಯುತ್ತಿತ್ತು. ಹೊತ್ತವರನ್ನು ಇಳಿಸಬೇಕಾದರೆ ನೆಲ ಬೇಕು. ಅವನಿಗೆ ನೆಲ ಸಿಕ್ಕಿರಲಿಲ್ಲ.

ಆರನೆಯ ಗುರುತಿನಲ್ಲಿ ದಾರಿ ಎಡಕ್ಕೆ ಹೊರಳುತ್ತದೆ. ಅಲ್ಲಿ ಅಕ್ಕೋರು ನಿಂತುಬಿಟ್ಟರು. ಕಲ್ಲಿನ ಮೇಲಿನ ಹಳದಿ ಬಾಣ ಹಳ್ಳದ ಕಡೆ ತೋರಿಸುತ್ತಿತ್ತು. ಇಲ್ಲಿಯವರೆಗಿನ ನಗೆಯೆಲ್ಲ ಮುಖದಿಂದ ಇಳಿದು ಹೋಗಿ, ಅಲ್ಲೊಬ್ಬಳು ಮುದುಕಿ ಉಳಿದಿದ್ದಳು. "ಮುಂದ ಆ ಬಂಡಿಗಲ್ಲು ಬರತೈತಲ್ಲ. ಅವತ್ತ ಅದರ ಮ್ಯಾಲ ಇಬ್ಬನಿ ಬಿದ್ದಿತ್ತು. ನಾನ ಸರಿಯಾಗಿ ಕಾಲಿಡಲಿಲ್ಲ. ಎಲ್ಲಾರಿಗೂ ಹಂಗ ಹೇಳೇನಿ, ಸಾಹೇಬರಿಗೂ ಬರದ ಕೊಟ್ಟೇನಿ, ತಪ್ಪು ನಂದು, ವಾಚರನ್ನ ಏನೂ ಅನಬ್ಯಾಡ್ರಿ ಅಂತ." ಉಸಿರು ತೆಗೆದುಕೊಂಡರು. "ನನಗ ಆ ಬಂಡಿ ದಾಟಾಕ ಆಗೂದಿಲ್ಲ ನೀಲಪ್ಪ. ಇಲ್ಲಿತನಕಾ ಬಂದೇನಿ, ಆಗೂದಿಲ್ಲ. ಬ್ಯಾರೆ ದಾರಿ ಇಲ್ಲೇನ್ರಿ?"

ಇಲ್ಲ ಎನ್ನುವುದು ಅವನ ನಾಲಿಗೆಯ ಮೇಲೆ ರೂಢಿಯಾಗಿ ಬಂದು ಕುಳಿತಿತ್ತು. ಎರಡು ವರ್ಷದಲ್ಲಿ ಎಷ್ಟು ಜನ ಕೇಳಿದ್ದರು. ಎಷ್ಟು ಸಲ ಅಂದಿದ್ದ, ಇಲ್ರಿ, ಮುಂದ ಕೊರಕಲು ಐತಿ. ಮೋಟರ್‌ಸೈಕಲ್ಲು ಬಂದ ಮೇಲೆ ಸುತ್ತಿನ ಊರಿನವರು ಕಾಡಿನೊಳಗೆ ನಡೆಯುವುದನ್ನೇ ಬಿಟ್ಟಿದ್ದರು. ಇನ್ನೊಂದು ದಾರಿ ಇತ್ತೆಂದು ಹೇಳಬಲ್ಲ ಮುದುಕರೂ ಒಬ್ಬೊಬ್ಬರೇ ತೀರಿಹೋಗಿದ್ದರು. ಈಗಲೂ ಅಂದರೆ ಮುಗಿಯಿತು. ಅಕ್ಕೋರು ತಿರುಗಿ ಸ್ಟಾಪಿಗೆ ಹೋಗುತ್ತಾರೆ, ತಾನು ಅಂಜುಬುರುಕಿ ಎಂದುಕೊಂಡು ಸವಣೂರಿನ ಬಸ್ಸು ಹಿಡಿಯುತ್ತಾರೆ, ಯುಗಾದಿಗೆ ಮತ್ತೆ ಫೋನು ಮಾಡುತ್ತಾರೆ: ಆರಾಮ ಇದ್ದೀರೇನು. ಆ ಫೋನು ನೆನಪಾಗಿ ಅವನಿಗೆ ಎಷ್ಟು ಆಯಾಸವಾಯಿತೆಂದರೆ, ಅದನ್ನು ಇನ್ನೊಂದು ಸಲ ಕೇಳುವುದಕ್ಕಿಂತ ಏನಾದರೂ ಆಗಲಿ ಎನಿಸಿತು.

"ಐತ್ರಿ" ಎಂದ.

ಅಕ್ಕೋರು ಅವನನ್ನು ನೋಡಿದರು. ಅವನು ಬಾಣದ ಬಲಕ್ಕೆ, ಕವಳಿಯ ಪೊದೆ ಬಾಗಿಸಿ ಹಿಡಿದ. ಅದರ ಹಿಂದೆ ನೆಲ ತಗ್ಗಾಗಿ, ನೂರಾರು ವರ್ಷ ಜನ ನಡೆದ ಗುರುತಾಗಿ, ಒಂದು ದಾರಿ ಬಾಯಿ ತೆರೆದು ಸುಮ್ಮನೆ ಬಿದ್ದಿತ್ತು. ಇಪ್ಪತ್ತು ಹೆಜ್ಜೆಗೆ ಒಂದು ದೊಡ್ಡ ಮತ್ತಿಗಿಡ. ಅಲ್ಲಿಗೆ ಹೋಗಿ ನೀಲಪ್ಪ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ. ಹೇಗೆ ಹೇಳಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲಿ ಕಟ್ಟಿದ ಮಾತುಗಳೆಲ್ಲ ಎಲ್ಲಿಗೋ ಹೋಗಿ, ಅವನ ಅವ್ವ ಅವನಿಗೆ ಹೇಳಿದ ಹಾಗೆಯೇ ಅದು ಹೊರಗೆ ಬಂತು.

"ಇಲ್ಲಿ ದಣಿದವ್ವ ಮಲಗ್ಯಾಳ್ರಿ. ಯಾವ ಕಾಲದ್ದೋ ಏನೋ. ಸೊಸಿ ಆಗಿ ಬಂದಾಕಿ. ಬಂದ ದಿನದಿಂದ ಒಂದ ದಿನಾ ಕುಂತಾಕಿ ಅಲ್ಲ. ಬೀಸೂದು, ಕುಟ್ಟೂದು, ನೀರು, ಸಗಣಿ, ದನ, ಮಕ್ಕಳು. ಕುಂತ ಉಂಡದ್ದ ಯಾರೂ ನೋಡಿಲ್ಲ. ಕಡೀಕ ಒಂದ ಪಂಚಮಿಗೆ, ಹೋಗ ನಿಮ್ಮ ತವರಿಗೆ, ಅಂತ ಕಳಿಸಿದ್ರಂತ. ಗಂಟ ಹೊತ್ಕೊಂಡ ಈ ದಾರೀಲೆ ಬಂದ್ಲು. ಇಲ್ಲಿಗೆ ಬಂದಾಗ ನೆಳ್ಳು ತಣ್ಣಗಿತ್ತು. ಒಂದೀಟ ಕಣ್ಣ ಮುಚ್ಚತೇನಿ ಅಂತ ಒರಗಿದಾಕಿ ಏಳಲಿಲ್ಲ. ಹಿಂದ ಬಂದ ಮಂದಿ ನೋಡಿದ್ರು. ಮಾರಿ ಮ್ಯಾಲ ಎಂಥಾ ಸಮಾಧಾನ ಇತ್ತಂದ್ರ, ಸತ್ತಾಳ ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ಮಲಗ್ಯಾಳ ಅಂದ್ರು. ಥಂಡಿ ಆದೀತಂತ ಸೊಪ್ಪು ಹೊಚ್ಚಿದ್ರು. ಸಪ್ಪಳ ಆದೀತಂತ ಚಪ್ಪಲಿ ಕೈಯಾಗ ಹಿಡದ್ರು. ಅವತ್ತಿಂದ ಈ ಮತ್ತಿಗಿಡದಿಂದ ಆ ಹೊನ್ನಿಗಿಡದ ತನಕಾ ಮಾತಿಲ್ಲ, ಕಾಲಾಗ ಚಪ್ಪಲಿ ಇಲ್ಲ. ಹೋಗೋವಾಗ ಒಂದ ಟೊಂಗಿ ಸೊಪ್ಪು ಆಕಿ ಮ್ಯಾಲ ಹಾಕಿ ಹೋಗೂದು. ಏನೂ ಬೇಡಿಕೊಳ್ಳೂ ಹಂಗಿಲ್ಲ. ಬೇಡಿದ್ರ ಆಕಿ ಎದ್ದ ಮತ್ತ ಕೆಲಸಕ್ಕ ಹತ್ತಬೇಕಾಗತೈತಿ ಅಂತಿದ್ಲು ನಮ್ಮವ್ವ."

ನೀಲಪ್ಪ ಚಪ್ಪಲಿಯ ಅಟ್ಟೆಯ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಉಳಿದದ್ದನ್ನೂ ಹೇಳಿದ. ಸಾಹೇಬರು ಬೂಟುಗಾಲಲ್ಲಿ ಹಾಡು ಹಚ್ಚಿಕೊಂಡು ಆ ಬಾಣದ ಹತ್ತಿರ ಬಂದರು. ಇನ್ನು ಮೇಲೆ ಬಸ್ಸಿನ ಜನ ದಿನಾ ಬರುತ್ತಾರೆ ಎಂದರು. ಅವನ ಕಣ್ಣಿಗೆ ನೂರಾರು ಬೂಟುಗಳು ಕಂಡವು, ಕುರುಕಲು ತಿಂಡಿಯ ಪಾಕೀಟುಗಳು ಕಂಡವು, ಸೊಪ್ಪಿನ ರಾಶಿಯ ಪಕ್ಕ ನಿಂತು ಫೋಟೋ ತೆಗೆದುಕೊಳ್ಳುವವರು ಕಂಡರು. ಜನ್ಮವಿಡೀ ದುಡಿದು ಒಮ್ಮೆ ಮಲಗಿದವಳು. ಬಾಯಿಂದ ಬಂದುಹೋಯಿತು: ಮುಂದ ದಾರಿ ಇಲ್ರಿ ಸಾಹೇಬ್ರ. ಕುಂಚ ಎಡಕ್ಕೆ ಹೊರಳಿತು. ಹಳ್ಳದ ಗುಂಟ ಸುತ್ತಿಕೊಂಡು, ಬಂಡೆ ದಾಟಿಸಿ, ಗುಡ್ಡಕ್ಕೆ ಹಚ್ಚಿದ. ಬಂಡೆ ಜಾರುತ್ತದೆಂದು ಅವನಿಗೆ ಗೊತ್ತಿತ್ತು. ಅವತ್ತು ಮನೆಗೆ ಹೋಗಿ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತಾಗ, ಬಹಳ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಕಣ್ಣಲ್ಲಿ ನೀರು ಬಂದಿತ್ತು.

"ಅಂದ್ರ" ಎಂದರು ಅಕ್ಕೋರು, "ಆ ಬಂಡಿ ದಾರಿ ನೀವು ಮಾಡಿದ್ದು."

"ಹೌದ್ರಿ."

"ಅವತ್ತ ನಾವು ಎಂಟ ಮಂದಿ ಹೆಂಗಸರಿದ್ದಿವಿ. ಒಂದ ಮಾತ ಹೇಳಬಾರದಿತ್ತೇನ್ರಿ? ಎಂಟೂ ಮಂದಿ ಚಪ್ಪಲಿ ಬಿಡ್ತಿದ್ದಿವಿ. ದಣದಾಕಿ ಮಲಗ್ಯಾಳ ಅಂದ್ರ ನಮಗ ತಿಳೀತಿದ್ದಿಲ್ಲೇನು? ನಾವೇನು ಕುಂತ ಉಂಡವರೇನು?"

ಅದು ಅವನಿಗೆ ಹೊಳೆದೇ ಇರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಬಸ್ಸಿನಿಂದ ಇಳಿದವರನ್ನು ಅವನು ಕಾಲಿನಿಂದಲೇ ಎಣಿಸಿದ್ದ, ಬೂಟು ಇಷ್ಟು, ಚಪ್ಪಲಿ ಇಷ್ಟು. ಅಕ್ಕೋರು ಕೆಳಗೆ ನೋಡಿದರು, ತಮ್ಮ ಬಲಗಾಲಿನ ಕಡೆ, ಪಟ್ಟಿ, ಬಕಲು. "ಆಗ ಬಿಡಾಕ ಬರ್ತಿತ್ತು. ಈಗ ನೋಡ್ರಿ, ಮನಸ್ಸೈತಿ, ಬರಂಗಿಲ್ಲ."

"ಹಂಗ ನಡೀರಿ ಅಕ್ಕೋರ" ಎಂದ ನೀಲಪ್ಪ. ತನ್ನ ಬಾಯಿಂದಲೇ ಬಂತು ಆ ಮಾತು. ಒಂದು ಬೂಟನ್ನೂ ಒಳಗೆ ಬಿಡಬಾರದೆಂದು ಕಾಡನ್ನೇ ತಿರುಗಿಸಿದವನು, ಬೂಟುಗಾಲಿನವರಿಗೆ ಹೆಗಲು ಕೊಟ್ಟ. ಅವರು ಒಂದು ಗಳಿಗೆ ಅನುಮಾನಿಸಿ ಹೆಗಲ ಮೇಲೆ ಕೈಯಿಟ್ಟರು. ಮುಂದೆ ಮಾತಿರಲಿಲ್ಲ, ಇರುವ ಹಾಗೂ ಇರಲಿಲ್ಲ. ಬೈಯುತ್ತಾರೋ, ಅಳುತ್ತಾರೋ, ಆಗಲಿ ಬಿಡ್ರಿ ದೇವರ ಕೆಲಸ ಎನ್ನುತ್ತಾರೋ, ಹೊನ್ನಿಗಿಡ ಬರುವವರೆಗೆ ತಿಳಿಯುವ ಬಗೆಯಿಲ್ಲ. ನೂರೈವತ್ತು ಹೆಜ್ಜೆ. ಬೂಟಿನ ಕಬ್ಬಿಣ ಕಿರ್ರ್ ಎನ್ನುತ್ತಿತ್ತು, ತರಗೆಲೆ ಮುರಿಯುತ್ತಿತ್ತು, ಪ್ರತಿ ಸದ್ದಿಗೂ ಅವನ ಬೆನ್ನು ಮುದುಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಅವನ ಬರಿಗಾಲೂ ಅಷ್ಟೇ ಸದ್ದು ಮಾಡುತ್ತಿತ್ತು. ಮಾಘ ಮಾಸದಲ್ಲಿ ಸಾಗವಾನಿಯ ಎಲೆಯ ಮೇಲೆ ಯಾವ ಕಾಲಾದರೇನು. ಅವ್ವನ ಕೈ ಹಿಡಿದು ಇಲ್ಲಿ ನಡೆದಾಗಲೂ ಹೀಗೇ ಸದ್ದಾಗಿರಬೇಕು. ಆಗ ಕೇಳಿಸಿರಲಿಲ್ಲ.

ಸೊಪ್ಪಿನ ರಾಶಿ ಎದೆಯೆತ್ತರ ಇತ್ತು. ಮೇಲಿನದು ಅವನೇ ಮೊನ್ನೆ ಹಾಕಿದ ಟೊಂಗೆ. ಅದರ ಕೆಳಗಿನವೂ ಅವನವೇ. ಈ ದಾರಿಯಲ್ಲಿ ಬರುವವನು ಈಗ ಅವನೊಬ್ಬನೇ. ಅಕ್ಕೋರು ಹೆಗಲಿನಿಂದ ಕೈ ತೆಗೆದು, ಕೋಲು ಕಂಕುಳಲ್ಲಿ ಇಟ್ಟುಕೊಂಡು, ಕೈಗೆಟುಕಿದ ಬಿಲಕಂಬಿಯ ಒಂದು ಎಳೆಯ ಟೊಂಗೆ ಮುರಿದು ರಾಶಿಯ ಮೇಲೆ ಇಟ್ಟರು. ಮಲಗಿದ ಮಗುವಿನ ಹೊದಿಕೆ ಸರಿಪಡಿಸುವವರ ಹಾಗೆ ಅದನ್ನು ಅಂಗೈಯಿಂದ ಒಮ್ಮೆ ಒತ್ತಿದರು. ಅವರ ಕಣ್ಣು ತುಂಬಿತ್ತು. ಅದನ್ನು ಕಂಡು ನೀಲಪ್ಪನಿಗೆ ಒಳಗೆ ಎಲ್ಲೋ ಒಂದು ಬಿಗಿ ಸಡಿಲಿತು. ತಿಳಿಯುವಂಥ ಹೆಂಗಸು. ದೈವಭಕ್ತರು. ಹೆಸರಿನ ಆಸೆಗೋ ರೊಕ್ಕದ ಆಸೆಗೋ ತಾನು ಮಾಡಿದ್ದಲ್ಲ. ಅವ್ವನ ಮಾತಿಗೆ ಮಾಡಿದ್ದು. ಹೇಳಿಯೂ ಆಯಿತು. ಎಷ್ಟು ಹಗುರ. ಹಾಗೆ ಹಗುರಾಗುತ್ತಿರುವಾಗಲೇ, ಆ ಹಗುರದ ತಳದಲ್ಲಿ ಇನ್ನೊಂದು ಕುಳಿತಿರುವುದು ಅವನಿಗೆ ಗೊತ್ತಿತ್ತು, ಅದನ್ನು ಹೇಳಿರಲಿಲ್ಲ, ದಣಿದವ್ವನ ಕತೆಯ ಮರೆಯಲ್ಲಿ ಅದು ದಾಟಿಹೋಗಲಿ ಎಂದು, ಏನೂ ಬೇಡಬಾರದ ಜಾಗದಲ್ಲಿ ನಿಂತು, ಅವನು ಬೇಡುತ್ತಿದ್ದ.

ಹೊನ್ನಿಗಿಡ ಬಂತು. ಅಲ್ಲಿಂದ ಗುಡ್ಡದ ಏರು. ಅಕ್ಕೋರು ಬೇರಿನ ಮೇಲೆ ಕುಳಿತು ಉಸಿರು ಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎಡಕ್ಕೆ ನೋಡಿದವರು ಹಾಗೇ ಉಳಿದರು, ಸೆರಗು ಕೆನ್ನೆಯ ಮೇಲೆ ಹಿಡಿದಂತೆಯೇ. ಗಿಡಗಳ ನಡುವೆ, ಕಲ್ಲು ಒಗೆದರೆ ಮುಟ್ಟುವಷ್ಟು ಹತ್ತಿರ, ಒಂದು ಕಪ್ಪು ಬಂಡೆ ಬಿಸಿಲಿಗೆ ಮಿಂಚುತ್ತಿತ್ತು. ಅದರ ಮೇಲೊಂದು ಹಳದಿ ಗುರುತು.

"ನೀಲಪ್ಪ, ಅದು ಆ ಬಂಡಿ ಅಲ್ಲೇನ್ರಿ?"

"ಹೌದ್ರಿ."

"ನಾ ಬಿದ್ದದ್ದು."

"ಹೌದ್ರಿ."

ಅವರು ಕೈಗಡಿಯಾರ ನೋಡಿದರು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ದನಿ ತಾನೇ ತಾನಾಗಿ ಬಂತು, ಮೆತ್ತಗೆ. "ನಾವು ಸ್ಟಾಪ ಬಿಟ್ಟದ್ದು ಒಂಬತ್ತ ನಲವತ್ತಕ್ಕ. ನಡುವ ಕುಂತಿವಿ, ನೀವು ಕತಿ ಹೇಳಿದ್ರಿ. ಈಗ ಹತ್ತ ಐವತ್ತು. ಈ ನನ್ನ ಕಾಲಾಗ ಇಷ್ಟ. ಗಟ್ಟಿ ಕಾಲಿನವರು ಇಲ್ಲಿಂದ ಸ್ಟಾಪಿಗೆ ಎಷ್ಟೊತ್ತಿಗೆ ಮುಟ್ತಾರ?"

"ಅರ್ಧ ತಾಸ್ರಿ."

"ಅವತ್ತ ನನ್ನ ಕಂಬಳಿಯಾಗ ಹಾಕ್ಕೊಂಡ ಹೊತ್ರಲ್ಲ, ನೀವೂ ನಮ್ಮ ಹೆಣ್ಮಕ್ಕಳೂ. ಎಷ್ಟೊತ್ತಾತು?"

ಹಳ್ಳದ ಗುಂಟ, ಸುತ್ತಿಕೊಂಡು, ಬಂದ ದಾರಿಯಲ್ಲೇ ಹೊತ್ತಿದ್ದರು. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಹೊರಲಾರದ ಹೆಂಗಸರು ಹತ್ತು ಹತ್ತು ಹೆಜ್ಜೆಗೆ ಇಳಿಸುತ್ತ. ಫೋನು ಹತ್ತದ ಕಾಡು. ಕಾಲು ಕುಂಬಳಕಾಯಿಯ ಹಾಗೆ ಬಾತಿತ್ತು. ತಡ ಆತು, ಇನ್ನೂ ಲಗೂ ತಂದಿದ್ರ ಬ್ಯಾರೆ ಇತ್ತು ಎಂದು ಡಾಕ್ಟರು ಅಂದದ್ದನ್ನು ಅಕ್ಕೋರೇ ಎಂದೋ ಫೋನಿನಲ್ಲಿ ಹೇಳಿದ್ದರು, ಕಾಡಂದ್ರ ತಡ ಆಗೂದ ಬಿಡ್ರಿ ಎಂದು ಅವನನ್ನು ಸಮಾಧಾನ ಮಾಡುತ್ತ.

"ಮೂರ ತಾಸ್ರಿ" ಎಂದ.

"ಮೂರ ತಾಸು. ಇಲ್ಲಿಂದ ಅರ್ಧ ತಾಸಿನ ದಾರಿ." ಅವರು ಬಂಡೆಯನ್ನೇ ನೋಡುತ್ತಿದ್ದರು. "ಕುಲುಕಿದಾಗೊಮ್ಮೆ ನಾ ಚೀರಿ ಕೇಳ್ತಿದ್ನಿ, ಇನ್ನೆಷ್ಟ ದೂರ ನೀಲಪ್ಪಾ ಅಂತ. ನೀವು, ಇನ್ನೇನ ಬಂತ್ರಿ ಅಕ್ಕೋರ, ಇನ್ನೇನ ಬಂತು ಅಂತಿದ್ರಿ. ಆಗೂ ನಿಮಗ ದಣಿದವ್ವನ ನಿದ್ದಿ ನೆನಪಿತ್ತೇನ್ರಿ?"

ಇತ್ತು ಎನ್ನಬಹುದಿತ್ತು. ಎಂದರೆ ಅವರು ನಂಬುತ್ತಿದ್ದರು. ಸೊಪ್ಪು ಹೊಚ್ಚಿ ಬಂದ ಅವರ ಕೈ ಇನ್ನೂ ಹಸಿಯಾಗಿತ್ತು. ನೀಲಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಮೊಣಕಾಲು ಲಟಕ್ಕೆಂದವು.

"ಇಲ್ರಿ. ಆಗ ನನಗ ನಂದ ಚಿಂತಿ ಹತ್ತಿತ್ತು. ಈ ದಾರೀಲೆ ತಂದ್ರ ಎಲ್ಲಾರೂ ಕೇಳ್ತಾರ, ಇಂಥಾ ದಾರಿ ಇದ್ದು ಯಾಕ ಹಂಗ ಕರಕೊಂಡ ಹೋದಿ ಅಂತ. ಸಾಹೇಬರು ಖಾಕಿ ಅಂಗಿ ಬಿಚ್ಚಿಸಿ ಮನಿಗೆ ಕಳಸ್ತಾರ. ಅಷ್ಟ ತಲ್ಯಾಗಿತ್ರಿ."

ಮೇಲೆ ಎಲ್ಲೋ ಒಂದು ಮರಕುಟಿಗ ಕುಟ್ಟಿತು, ನಿಲ್ಲಿಸಿತು, ಕುಟ್ಟಿತು. ಅಕ್ಕೋರು ಅಳುತ್ತಾರೆಂದು ಅವನು ತಲೆ ಎತ್ತಲಿಲ್ಲ. ಅವರು ಅಳಲಿಲ್ಲ.

"ಒಂದ ವರ್ಷ ಮೂರ ತಿಂಗಳು" ಎಂದರು, "ನಾ ನನ್ನ ಕಾಲಿಗೆ ಬೈದೇನ್ರಿ ನೀಲಪ್ಪ. ರಾತ್ರಿ ಹಗಲು ಬೈದೇನಿ. ಕಣ್ಣಿಲ್ಲೇನು ನಿನಗ, ಎಲ್ಲಿಡಬೇಕು ತಿಳೀಲಿಲ್ಲೇನು ಅಂತ."

ಗುಡ್ಡದ ಕಡೆ ಅವರು ನೋಡಲೇ ಇಲ್ಲ. ಕೋಲು ಊರಿ ಎದ್ದರು. ಅವನು ಹೆಗಲು ಕೊಡಲು ಹೋದ. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಅವನ ಬದಿಗೆ ಕೋಲು ಇಟ್ಟುಕೊಂಡರು. ಬಂದ ದಾರಿಯಲ್ಲೇ ತಿರುಗಿದರು. ಮತ್ತೆ ಆ ಮಾತಿಲ್ಲದ ನೂರೈವತ್ತು ಹೆಜ್ಜೆ. ಈ ಸಲ ಕಾಯುವುದಕ್ಕೆ ಏನೂ ಇರಲಿಲ್ಲ. ಅವರು ಮುಂದೆ, ಅವನು ಹಿಂದೆ. ಅಂಜಿಕೆಯಿಂದ ಬಂದ ಕಾಲು ಈಗ ಅಂಜದೆ ಬೀಳುತ್ತಿತ್ತು, ಒಂದೊಂದು ಹೆಜ್ಜೆಯೂ ನೆಲಕ್ಕೆ ಪೆಟ್ಟು ಕೊಟ್ಟ ಹಾಗೆ. ದಣಿದವ್ವ ಎದ್ದರೆ ಏಳಲಿ ಎನ್ನುವ ಹಾಗೆ. ಮತ್ತಿಗಿಡ ದಾಟಿದ ಮೇಲೆ, ಅವನು ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದಾಗ, ತಿರುಗದೆಯೇ ಹೇಳಿದರು.

"ಸಾಹೇಬರಿಗೆ ಹೇಳ್ರಿ. ದಾರಿ ತಿರುಗಿಸಿದ್ದೂ, ನನ್ನ ಸುತ್ತಿಸಿ ಹೊತ್ತದ್ದೂ, ಎರಡೂ. ಚಪ್ಪಲಿ ಬಿಡ್ರಿ, ಮಾತಾಡಬ್ಯಾಡ್ರಿ ಅಂತ ಬೋರ್ಡ ಬರಸ್ರಿ, ಮಂದಿ ಬಿಡ್ತಾರ. ನಾ ಹೇಳೂದಿಲ್ಲ. ನಾ ಹೇಳಿದ್ರ ಅದು ನನ್ನ ಸಿಟ್ಟಾಗತೈತಿ. ನೀವು ಹೇಳ್ರಿ."

"ಹೂಂನ್ರಿ" ಎಂದ. ನಾಳೆ ಎನ್ನುವುದು ಅದರ ಹಿಂದೆಯೇ ಬಂದು ನಿಂತಿತು. ನಾಳೆ ಬುಧವಾರ, ಸಾಹೇಬರು ಇರುತ್ತಾರೋ ಇಲ್ಲವೋ. ಅಮಾವಾಸ್ಯೆ ಆಗಲಿ. ಹುಚ್ಚವ್ವನಿಗೆ ಒಂದು ಮಾತು ತಿಳಿಸಿ. ಹೀಗೆ ಮುಂದೂಡುವ ತನ್ನನ್ನು ಅವನು ಬಲ್ಲ.

ಸ್ಟಾಪಿನಲ್ಲಿ ಎರಡು ತಾಸಿಗೂ ಹೆಚ್ಚು ಹೊತ್ತು ಕುಳಿತರು, ಬಸರಿಗಿಡದ ಆ ಬದಿಗೆ ಅವರು, ಈ ಬದಿಗೆ ಅವನು. ಅಕ್ಕೋರು ಗಂಟು ಬಿಚ್ಚಿ ರೊಟ್ಟಿ ತಿಂದರು. ಹಸಿದವರಿಗೆ ಕೊಡದೆ ತಿಂದು ಗೊತ್ತಿಲ್ಲದ ಕೈ, ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ನಡುವಿನ ಬೇರಿನ ಮೇಲೆ ಇಟ್ಟಿತು. ಅವನು ತಿಂದ. ಶೇಂಗಾ ಹಿಂಡಿ ಇತ್ತು.

ಎರಡೂಕಾಲಕ್ಕೆ ಬಸ್ಸು ಬಂತು. ಅಕ್ಕೋರು ಹತ್ತಿದರು, ಹಿಂದೆ ಹಿಂದೆ ನೀಲಪ್ಪನೂ ಹತ್ತಿದ. ಹತ್ತುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಕಾಲು ಮೆಟ್ಟಿಲ ಮೇಲಿತ್ತು. ಖಲಂದರ ಬೆರಗಿನಿಂದ, "ಏ, ಮೂವತ್ತ ವರ್ಷಕ್ಕ ಮೊದಲನೇ ಸಲ ಗಿಡ ತನ್ನ ಜಾಗ ಬಿಟ್ಟ ಹೊಂಟೈತಲ್ಲೋ! ಎಲ್ಲಿಗೋ ನೀಲಪ್ಪ?" ಎಂದ.

"ಆಫೀಸಿನ ಹತ್ರ ಇಳಸು."

"ಸಾಹೇಬರು ಕರದಾರೇನು?"

"ಇಲ್ಲ. ನಾನ ಹೊಂಟೇನಿ."

ಟಿಕೆಟ್ಟು ಹರಿದು ಕೊಟ್ಟು, ಖಲಂದರ ಹಿಂದೆ ಮುಂದೆ ನೋಡಿ, "ಕುಂಡ್ರೋ ಮಾರಾಯ, ಅಕ್ಕೋರ ಪಕ್ಕಕ್ಕ ಖಾಲಿ ಐತಲ್ಲ" ಎಂದ. ಆ ಸೀಟಿನ ಮೇಲೆ ಅಕ್ಕೋರ ಚೀಲ ಇತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಖಲಂದರನ ಮಾತು ಅವರಿಗೆ ಕೇಳಿಸಿತ್ತು; ಕೈ ಚೀಲದ ಹಿಡಿಕೆಯ ಮೇಲೆ ಬಂದು, ಒಂದು ಗಳಿಗೆ ಇದ್ದು, ಮತ್ತೆ ತೊಡೆಗೆ ಹೋಯಿತು. ಚೀಲ ಅಲ್ಲೇ ಇತ್ತು.

"ಇರಲಿ" ಎಂದ ನೀಲಪ್ಪ. ಮೇಲಿನ ಸರಳು ಹಿಡಿದ. ಬಸ್ಸು ಕುಲುಕಿತು. ಆಫೀಸು ಬರುವವರೆಗೆ ನಿಂತೇ ಇದ್ದ.